ಬಣವಿಯ ಹಿಂದೆ ಅಡಗಿದವನು

ಗಂಗಾವತಿ
9 ಫೆಬ್ರುವರಿ 2024

ಅಕ್ಕ ಶೇಖರಮ್ಮನಿಗೆ ತಮ್ಮ ಪ್ರಭುರಾಜನ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಈ ವ್ಯಸನಮುಕ್ತಿ ಕೇಂದ್ರಕ್ಕೆ ಬಂದು ಹದಿನೆಂಟು ದಿನವಾಯಿತು. ಊಟ ಚೆನ್ನಾಗಿದೆ. ನೀರು ಚೆನ್ನಾಗಿದೆ. ಹಾಸಿಗೆ ಚೆನ್ನಾಗಿದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಪ್ರಾರ್ಥನೆ ಮಾಡಿಸುತ್ತಾರೆ, ಅದೂ ಚೆನ್ನಾಗಿದೆ. ಫೋನುಗಳನ್ನೆಲ್ಲ ಇಲ್ಲಿನ ಸರ್ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿರುವುದರಿಂದ ಪತ್ರ ಬರೆಯುತ್ತಿದ್ದೇನೆ. ಬರೆದದ್ದನ್ನು ಅವರೇ ಓದಿ, ತಪ್ಪಿದ್ದರೆ ತಿದ್ದಿಸಿ ಅಂಚೆಗೆ ಹಾಕುತ್ತಾರೆ.

ನನ್ನನ್ನು ಇಲ್ಲಿಗೆ ಸೇರಿಸಿ ಸುನಿತಾ ಒಳ್ಳೆಯದನ್ನೇ ಮಾಡಿದಳು. ಹೆಂಡತಿ ಮಾಡಬೇಕಾದದ್ದನ್ನೇ ಮಾಡಿದ್ದಾಳೆ. ಆಕೆಗೂ ಮಗಳು ಕವಿತಾಳಿಗೂ ನಾನು ಆರಾಮಾಗಿದ್ದೇನೆ ಎಂದು ಹೇಳು.

ಅಕ್ಕಾ, ನಮ್ಮ ಹಿತ್ತಲಿನ ಕಣಕಿ ಬಣವಿ ನಿನಗೆ ನೆನಪಿದೆಯೇ? ಜೋಳದ ದಂಟಿನ ಆ ವಾಸನೆ ನನಗೆ ಇಲ್ಲಿ ದಿನವೂ ಬರುತ್ತದೆ, ಸಂಜೆ ಹೊರಗಿನಿಂದ ಬಾಗಿಲು ಹಾಕುವ ಹೊತ್ತಿಗೆ. ಜಾಗ ಮುಗಿಯಿತು, ಇಷ್ಟೇ ಸಾಕು.

ನಿನ್ನ ತಮ್ಮ
ಪ್ರಭುರಾಜ

*

ಕುಷ್ಟಗಿ
17 ಫೆಬ್ರುವರಿ 2024

ಚಿರಂಜೀವಿ ಪ್ರಭುವಿಗೆ ಅಕ್ಕನ ಆಶೀರ್ವಾದ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಒಂದೇ ಪುಟದಲ್ಲಿ ನಾಲ್ಕು ಬಾರಿ ‘ಚೆನ್ನಾಗಿದೆ’! ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಳ್ಳದೆ ನಾನಿನ್ನೂ ಸಾಲಿಯಲ್ಲಿ ಪಾಠ ಹೇಳುತ್ತಿದ್ದಿದ್ದರೆ ಕೆಂಪು ಪೆನ್ನಿನಲ್ಲಿ ಮೂರನ್ನು ಹೊಡೆದುಹಾಕುತ್ತಿದ್ದೆ. ಆದರೆ ಅಕ್ಷರ ನೆಟ್ಟಗಿದೆ, ಕೈ ನಡುಗಿಲ್ಲ. ಅದನ್ನು ನೋಡಿಯೇ ನನಗೆ ಹೊಟ್ಟೆ ತಣ್ಣಗಾಯಿತು. ಕಳೆದ ದೀಪಾವಳಿಯಲ್ಲಿ ನೀನು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಲುಂಗಿಯ ಮೇಲೆ ಚೆಲ್ಲಿಕೊಂಡದ್ದನ್ನು ನಾನು ಮರೆತಿಲ್ಲ.

ಬಣವಿ ನೆನಪಿದೆಯೇ ಎಂದು ಕೇಳುತ್ತೀಯಲ್ಲ, ಮಾರಾಯ! ನಿನ್ನನ್ನು ಒಂದನೆಯ ಇಯತ್ತೆಗೆ ಹಾಕಿದ ವರ್ಷ. ನಿನಗೆ ಆರು, ನನಗೆ ಹನ್ನೊಂದು. ಮೂರನೆಯ ದಿನಕ್ಕೆ ನೀನು ಮಾಯ. ಅವ್ವ ಬಾವಿಯಲ್ಲಿ ಬಗ್ಗಿ ನೋಡಿದಳು, ಅಪ್ಪ ಹೊಲಕ್ಕೆ ಓಡಿದ. ಕಡೆಗೆ ದೇವೇಂದ್ರಪ್ಪ ಮಾಸ್ತರರು ಏಳನೆಯ ಇಯತ್ತೆಯ ನಾಲ್ಕು ಹುಡುಗರನ್ನು ಕರೆದು, “ಲೇ, ಆ ಪ್ರಭ್ಯಾ ಎಲ್ಲಿದ್ರೂ ಹೊತ್ಕೊಂಡು ಬರ್ರಿ” ಎಂದರು. ಸಾಲಿ ತಪ್ಪಿಸಿದವರನ್ನು ಆಗ ಹಾಗೆಯೇ ತರಿಸುತ್ತಿದ್ದರಲ್ಲ. ಇಬ್ಬರು ಕೈ ಹಿಡಿದರು, ಇಬ್ಬರು ಕಾಲು. ಬಣವಿಯ ಹಿಂದಿನಿಂದ ಎಳೆದು, ಓಣಿ ತುಂಬ ಮೆರವಣಿಗೆ ಮಾಡಿ ಒಯ್ದರು. ಅವ್ವ ಹಿಂದಿನಿಂದ ಓಡುತ್ತ, “ಕೈ ತಿರುವಬ್ಯಾಡ್ರೋ, ಕೂಸಿನ ಕೈ ಅದು!” ಎಂದು ಚೀರುತ್ತಿದ್ದಳು. ನೀನು ಮಾತ್ರ ಒಬ್ಬನ ಮುಂಗೈ ಕಚ್ಚಿ ರಕ್ತ ತೆಗೆದಿದ್ದೆ.

ಈಗ ನೆನೆದರೆ ನಗು ಬರುತ್ತದೆ. ಹಾಗೆ ಹೊತ್ತು ಒಯ್ದದ್ದಕ್ಕೇ ನೀನು ನಾಲ್ಕಕ್ಷರ ಕಲಿತೆ, ಅಕ್ಕಿ ಮಿಲ್ಲಿನಲ್ಲಿ ಹೆಡ್ ಮಿಸ್ತ್ರಿಯಾದೆ. ಆದ್ದರಿಂದ ಕೇಂದ್ರದವರು ಹೇಳಿದಂತೆ ಕೇಳಿಕೊಂಡು ಇರು. ಕಹಿ ಔಷಧವನ್ನು ಮೂಗು ಮುಚ್ಚಿಯೇ ಕುಡಿಯಬೇಕು.

ನಿನ್ನ ಅಕ್ಕ
ಶೇಖರಮ್ಮ

*

ಜಿಲ್ಲಾ ಆಸ್ಪತ್ರೆ, ಕೊಪ್ಪಳ
27 ಮಾರ್ಚ್ 2024

ಪ್ರೀತಿಯ ಅಕ್ಕಾ,

ವಿಳಾಸ ನೋಡಿ ಗಾಬರಿಯಾಗಬೇಡ. ಈ ಪತ್ರವನ್ನು ಯಾರೂ ಓದಿ ತಿದ್ದುವುದಿಲ್ಲ, ಆದ್ದರಿಂದ ನಿಜ ಬರೆಯುತ್ತಿದ್ದೇನೆ. ಫೋನು ಕೈಗೆ ಬಂದಿದೆ. ಆದರೆ ನಿನ್ನ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಪತ್ರವನ್ನು ಪುಸ್ತಕದ ಭಾಷೆಯಲ್ಲೇ ಬರೆಯಬೇಕು ಎಂದು ಬಡಿದು ಕಲಿಸಿದವಳು ನೀನು. ಈಗ ಅನುಭವಿಸು.

ಆ ಕೇಂದ್ರದಲ್ಲಿ ಯಾವುದೂ ಚೆನ್ನಾಗಿರಲಿಲ್ಲ. ಒಂದೇ ಕೋಣೆಯಲ್ಲಿ ಮೂವತ್ತೆರಡು ಜನ, ಹೊರಗೆ ಕೀಲಿ. ಮೊದಲ ನಾಲ್ಕು ದಿನ ನನಗೆ ಮೈಯೆಲ್ಲ ನಡುಗಿ, ಗೋಡೆಯ ತುಂಬ ಇರುವೆ ಹರಿದಾಡಿದಂತೆ ಕಂಡಿತು. ಡಾಕ್ಟರನ್ನು ಕರೆಸಿ ಎಂದದ್ದಕ್ಕೆ ಒಂದು ಬಕೆಟ್ ತಣ್ಣೀರು ಸುರಿದರು. ಐವತ್ತೊಂದು ದಿನದಲ್ಲಿ ಒಬ್ಬ ಡಾಕ್ಟರನ್ನೂ ನೋಡಲಿಲ್ಲ. ಕೊನೆಗೆ ಅಧಿಕಾರಿಗಳು ಬಂದು ನೋಡಿದರೆ ಅದಕ್ಕೆ ನೋಂದಣಿಯೇ ಇಲ್ಲ. ಕೀಲಿ ತೆಗೆಸಿ, ಮನೆಗೆ ಹೋಗುವವರನ್ನು ಕಳಿಸಿ, ಕಾಯಿಲೆಯಿದ್ದವರನ್ನು ಇಲ್ಲಿಗೆ ಕರೆತಂದರು.

ಇಲ್ಲಿ ಮೊದಲ ದಿನ ಡಾಕ್ಟರ್ ಏನು ಕೇಳಿದರು ಗೊತ್ತೇ? “ಇರ್ತೀರೋ, ಮನಿಗೆ ಹೋಗ್ತೀರೋ? ನೀವ ಹೇಳ್ರಿ.” ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರನ್ನೋ ಕೇಳುತ್ತಿದ್ದಾರೆ ಎಂದುಕೊಂಡು. ಐವತ್ತು ವರ್ಷದ ನನ್ನನ್ನು ಈ ಕುಡಿತದ ವಿಷಯದಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲ. ಬೈದಿದ್ದಾರೆ, ಆಣೆ ಹಾಕಿಸಿದ್ದಾರೆ, ಕೊರಳಿಗೆ ತುಳಸಿ ಮಾಲೆ ಹಾಕಿಸಿದ್ದಾರೆ. ಇರುತ್ತೇನೆ ಎಂದೆ. ಸಹಿ ನಾನೇ ಮಾಡಿದೆ.

ಇಲ್ಲಿ ಮೆಹಜಬೀನ ಎಂಬ ಸಮಾಲೋಚಕಿ ಇದ್ದಾರೆ. ನಮ್ಮ ಕವಿತಾಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಆಕೆ ಹೇಳಿದರು: “ಕುಡಿತದ ಚಟ ಸುದ್ದಾ ಮನಸ್ಸಿನ ಕಾಯಿಲೆ ಅಂತ ಕಾಯ್ದೆದಾಗ ಐತ್ರಿ. ಕಾಯಿಲೆ ಅಂದಮ್ಯಾಲ ನಿಮಗ ಹಕ್ಕೂ ಅದಾವ.” ನಮಗೆ ಬುದ್ಧಿ ಮಂಕಾದಾಗ ನಮ್ಮ ಪರವಾಗಿ ಮಾತಾಡಲು ಒಬ್ಬರನ್ನು ನಾವೇ ಆರಿಸಿ, ಬರೆದು ಇಡಬಹುದಂತೆ. ಬಿಳಿ ಹಾಳೆ ಸಾಕಂತೆ.

ಅಕ್ಕಾ, ನಾನು ನಿನ್ನ ಹೆಸರು ಬರೆಯುತ್ತೇನೆ.

ಸುನಿತಾಳ ಹೆಸರನ್ನು ಸಾಯುವವರೆಗೂ ಬರೆಯಲಾರೆ. ಆ ದಿನ ನಾನು ಮಿಲ್ಲಿನ ಹಿಂದೆ, ಭತ್ತದ ಹೊಟ್ಟಿನ ರಾಶಿಯ ಮರೆಯಲ್ಲಿ ಮಲಗಿದ್ದೆ. ಅದು ಯಾರಿಗೂ ಗೊತ್ತಿರಲಿಲ್ಲ. ಕೇಂದ್ರದ ಜೀಪಿನಿಂದ ನಾಲ್ಕು ಜನ ಇಳಿದು ನೇರ ಅಲ್ಲಿಗೇ ಬಂದರು. ಇಬ್ಬರು ಕೈ, ಇಬ್ಬರು ಕಾಲು. ಹಮಾಲರು ಚೀಲ ಇಳಿಸಿ ನೋಡುತ್ತ ನಿಂತರು. ನನ್ನ ಕೈಕೆಳಗೆ ಕೆಲಸ ಕಲಿತವರು ಅವರು. ಸುನಿತಾ ಹೇಗೆ ಪತ್ತೆ ಹಚ್ಚಿದಳೋ! ಆಗ ಸಾಲಿಯ ಹುಡುಗರಿಗೆ ನನ್ನ ಜಾಗ ಹೇಳಿಕೊಟ್ಟವನು ಪಕ್ಕದ ಮನೆಯ ಗಾಳೇಶ, ಈಗ ಹೆಂಡತಿ. ನನ್ನ ಹಣೆಯಲ್ಲಿ ಇಂಥವರೇ ಬರೆದಿದ್ದಾರೆ.

ಆಕೆ ಪ್ರತಿ ಗುರುವಾರ ಕಾರಟಗಿಯಿಂದ ಡಬ್ಬಿ ಕಟ್ಟಿಕೊಂಡು ಬಂದು ಹೊರಗೆ ಬೆಂಚಿನ ಮೇಲೆ ಕೂಡುತ್ತಾಳೆ. ನಾನು ಹೋಗುವುದಿಲ್ಲ. ನೀನು ಒಮ್ಮೆ ಬಾ. ನಿನ್ನನ್ನು ನೋಡಬೇಕು.

ಪ್ರಭು

*

ಕುಷ್ಟಗಿ
4 ಏಪ್ರಿಲ್ 2024

ಪ್ರಭು,

ನಿನ್ನ ಪತ್ರ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ತಣ್ಣೀರು ಸುರಿದರು ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ದಾಟಿ ಮುಂದೆ ಓದಲು ಮೊದಲ ದಿನ ಆಗಲೇ ಇಲ್ಲ. ನಿನಗೆ ಚಿಕ್ಕಂದಿನಿಂದ ತಣ್ಣೀರು ಆಗಿಬರುವುದಿಲ್ಲ ಎಂದು ಅವರಿಗೇನು ಗೊತ್ತು.

ಬರಬೇಕೆಂದು ಜೀವ ಹಾರುತ್ತಿದೆ. ಆದರೆ ಮೊಣಕಾಲು ಬಾತಿದೆ. ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಗುರೆಳ್ಳು ಚಟ್ನಿ, ನಾಲ್ಕು ಗರಿಗರಿ ಕಟಕ ರೊಟ್ಟಿ ಕಳಿಸಿದ್ದೇನೆ. ನಿನ್ನ ಡಾಕ್ಟರನ್ನು ಕೇಳಿ ತಿನ್ನು.

ಹೆಸರು ಬರೆಯುವ ವಿಷಯದಲ್ಲಿ ಅವಸರ ಮಾಡಬೇಡ. ಅರವತ್ತರ ಹತ್ತಿರ ಬಂದವಳು ನಾನು. ಸುನಿತಾ ಹತ್ತಿರವಿದ್ದಾಳೆ, ಗಟ್ಟಿಯಾಗಿದ್ದಾಳೆ. ಆಕೆಯ ಮೇಲೆ ಇಷ್ಟು ಸಿಟ್ಟು ಬೇಡ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಯಾರು ಏನು ಮಾಡಿದರೂ ನಿನ್ನ ಒಳ್ಳೆಯದಕ್ಕೇ ಮಾಡಿರುತ್ತಾರೆ.

ಹೊತ್ತೊಯ್ದ ಮರುದಿನದ್ದು ನೆನಪಿದೆಯೇ? ನಾನು ಲಂಗದ ಉಡಿಯಲ್ಲಿ ಬೆಲ್ಲ, ಹುರಿದ ಶೇಂಗಾ ಕಟ್ಟಿಕೊಂಡು, ನಿನ್ನ ಕೈ ಹಿಡಿದು ಸಾಲಿಗೆ ಕರೆದುಕೊಂಡು ಹೋದೆ. ಹತ್ತು ಹೆಜ್ಜೆಗೆ ಒಂದು ಶೇಂಗಾ. ಸಾಲಿಯ ಬಾಗಿಲಿಗೆ ಬರುವಷ್ಟರಲ್ಲಿ ನಿನ್ನ ಎಣಿಕೆ ನೂರರವರೆಗೆ ಬಂದಿತ್ತು. ಮಾಸ್ತರರು, “ಹುಡುಗ ಲೆಕ್ಕದಾಗ ಛಲೋ ಅದಾನ” ಎಂದರು. ಆ ದಿನದ ನಿನ್ನ ಕೈ ಇನ್ನೂ ನನ್ನ ಕೈಯಲ್ಲಿದೆ ಎನ್ನಿಸುತ್ತದೆ.

ಅಕ್ಕ

*

ಜಿಲ್ಲಾ ಆಸ್ಪತ್ರೆ, ಕೊಪ್ಪಳ
12 ಏಪ್ರಿಲ್ 2024

ಅಕ್ಕಾ,

ಮೊಣಕಾಲಿಗೆ ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿಕೋ. ಆಗದಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸು. ಇಲ್ಲಿ ಅವರು ಪಕ್ಕದ ವಾರ್ಡಿನಲ್ಲೇ ಇದ್ದಾರೆ. ನೀನು ಬರಲು ಆಗದಿದ್ದರೆ ಚಿಂತೆಯಿಲ್ಲ. ಹಾಳೆಯನ್ನೇ ಕಳಿಸುತ್ತಿದ್ದೇನೆ. ನಾನು ನಿನ್ನ ಹೆಸರು ಬರೆದು ಸಹಿ ಮಾಡಿದ್ದೇನೆ. ಒಪ್ಪಿಗೆ ಎಂದು ಕೆಳಗೆ ನಿನ್ನ ಸಹಿ ಬೇಕು.

ಮೆಹಜಬೀನ ಕೇಳಿದರು: “ಅಕ್ಕಾರನ್ನ ಯಾಕ ಆರಿಸಿದ್ರಿ?” ಹೇಳಿದೆ, “ಇಡೀ ಊರು ನನ್ನ ಹೊತ್ಕೊಂಡು ಹೋಗಾಕ ನಿಂತಾಗ ಕೈ ಹಿಡ್ಕೊಂಡು ಹೋದಾಕಿ ಅಕಿ ಒಬ್ಬಾಕಿನ ನೋಡ್ರಿ.” ಆಕೆ ಬರೆದುಕೊಂಡರು.

ಸುನಿತಾಳಿಗೆ ಇನ್ನು ಬರಬೇಡ ಎಂದು ಅವರ ಕೈಯಲ್ಲಿ ಹೇಳಿಸಿದ್ದೇನೆ. ಯಾರನ್ನು ಭೇಟಿಯಾಗಬೇಕು, ಯಾರನ್ನು ಬೇಡ ಎನ್ನುವುದೂ ಇಲ್ಲಿ ನನ್ನ ಹಕ್ಕಂತೆ. ನಿನ್ನೆ ಗುರುವಾರ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಹೋಗಿದ್ದಾಳೆ. ಬಿಡುಗಡೆಯಾದ ಮೇಲೆ ಮನೆಗೆ ಹೋಗುವುದಿಲ್ಲ. ಮಿಲ್ಲಿನ ಕೋಣೆಯಲ್ಲಿ ಇರುತ್ತೇನೆ. ಇಪ್ಪತ್ತಾರು ವರ್ಷದ ಸಂಸಾರ ಸಾಕು. ಆ ಒಂದು ಜೀಪನ್ನು ನಾನು ಮರೆಯಲಾರೆ, ಕಳಿಸಿದವರನ್ನೂ ಕ್ಷಮಿಸಲಾರೆ.

ಸಹಿ ಮಾಡಿ ಬೇಗ ಕಳಿಸು.

ಪ್ರಭು

*

ಕುಷ್ಟಗಿ
20 ಏಪ್ರಿಲ್ 2024

ಪ್ರಭು,

ನಿನ್ನ ಹಾಳೆಯನ್ನು ಸಹಿ ಮಾಡದೆ ಇದರ ಜೊತೆಗೇ ಮರಳಿ ಕಳಿಸಿದ್ದೇನೆ. ಏಕೆಂದು ಓದು. ಪೂರ್ತಿ ಓದಿ ಆಮೇಲೆ ಏನು ಮಾಡಬೇಕೋ ಮಾಡು.

ಜೀಪು ಕಳಿಸಿದವಳು ಸುನಿತಾ ಅಲ್ಲ. ನಾನು.

ಜನವರಿಯಲ್ಲಿ ಆಕೆ ಫೋನು ಮಾಡಿ, “ಅಕ್ಕಾರ, ಮೂರು ದಿನ ಆತ್ರಿ, ಎಲ್ಲಿ ಅದಾರ ಗೊತ್ತಿಲ್ಲ” ಎಂದು ಅತ್ತಳು. ಸಿಕ್ಕ ಮೇಲೆ ಗಂಗಾವತಿಯ ಸರಕಾರಿ ದವಾಖಾನೆಗೆ ಕರೆದೊಯ್ಯೋಣ, ಮಂಗಳವಾರ ಮನಸ್ಸಿನ ಡಾಕ್ಟರ್ ಬರುತ್ತಾರೆ ಎಂದಳು. ಬೇಡ ಎಂದವಳು ನಾನು. “ಚೀಟಿ ಮ್ಯಾಲ ಮಾನಸಿಕ ಅಂತ ಬರೀತಾರ. ನಾಳೆ ಕವಿತಾಗ ವರ ನೋಡಾಕ ಬಂದವರು ಹುಚ್ಚರ ಮನಿತನ ಅಂದ್ರ ಏನ್ ಮಾಡ್ತಿ?” ಎಂದು ಬಾಯಿ ಮುಚ್ಚಿಸಿದೆ. ಮೂವತ್ತಮೂರು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆಸ್ಪತ್ರೆಯ ಚೀಟಿಯ ಭಯ, ಕೀಲಿ ಹಾಕಿದ ಕೋಣೆಯ ಭಯವಿಲ್ಲ! ಆ ಕೇಂದ್ರದವರು, “ಯಾರಿಗೂ ಗೊತ್ತಾಗಂಗಿಲ್ರಿ ಟೀಚರ್” ಎಂದರು. ಆ ಒಂದು ಮಾತಿಗೆ ನಾನು ಸೋತೆ. ನಾನೇ ಗಂಗಾವತಿಗೆ ಹೋಗಿ ರಕ್ತಸಂಬಂಧಿ ಎಂದು ಸಹಿ ಮಾಡಿದೆ. ಒಳಗೆ ಹೋಗಿ ನೋಡಲಿಲ್ಲ. ನೋಡಿದ್ದರೆ ಬಹುಶಃ ಮಾಡುತ್ತಿರಲಿಲ್ಲ.

ನೀನು ಹೊಟ್ಟಿನ ರಾಶಿಯ ಹಿಂದೆ ಇರುವೆ ಎಂದು ಸುನಿತಾಳಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಜೀಪಿನವನಿಗೆ ಫೋನಿನಲ್ಲಿ ನಾನೇ ಹೇಳಿದೆ. ನೀನು ಅಡಗುವುದು ಎಲ್ಲಿ ಎಂದು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು? ಆಗಲೂ ನಾನೇ ಹೇಳಿದ್ದು, ಪ್ರಭು. ಗಾಳೇಶ ಅಲ್ಲ. ಮಾಸ್ತರರು ನನ್ನನ್ನು ಕೇಳಿದರು, ನಾನು ಬಣವಿಯ ಕಡೆ ಬೆರಳು ತೋರಿಸಿದೆ. ಅವರು ಜಾಣೆ ಎಂದರು. ನೀನು ಚೀರಿದ್ದನ್ನು ಕೇಳಿ, ರಾತ್ರಿಯೆಲ್ಲ ನಿದ್ದೆ ಬರದೆ, ಬೆಳಿಗ್ಗೆ ಅವ್ವನ ಗಡಿಗೆಯಿಂದ ಬೆಲ್ಲ ಕದ್ದೆ. ನೀನು ನಲವತ್ತನಾಲ್ಕು ವರ್ಷ ಹೊಗಳಿದ ಆ ಬೆಲ್ಲ, ಶೇಂಗಾ ನನ್ನ ತಪ್ಪಿಗಾಗಿ ಕೊಟ್ಟವು.

ನಾನು ಹೇಳಬೇಡ ಎಂದದ್ದಕ್ಕೆ ಸುನಿತಾ ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವಂತೆ ಆ ಬೆಂಚಿನ ಮೇಲೆ ಕುಳಿತು ನನ್ನ ಪಾಲಿನ ಶಿಕ್ಷೆ ಉಂಡಳು. ಮೊಣಕಾಲು ಬಾತಿರುವುದು ನಿಜ. ಬಸ್ಸು ಹತ್ತಲಾರೆ ಎನ್ನುವುದು ಸುಳ್ಳು. ನಿನ್ನ ಮುಖ ನೋಡುವ ಧೈರ್ಯವಿರಲಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಗುರುವಾರ ಹೊರಗೆ ಹೋಗಿ ಆ ಬೆಂಚಿನ ಮೇಲೆ ಆಕೆಯ ಪಕ್ಕದಲ್ಲಿ ಕೂಡು. ಅಷ್ಟು ಮಾಡು.

ಶೇಖರಮ್ಮ

*

ಕುಷ್ಟಗಿ
25 ಮೇ 2024

ಪ್ರಭು,

ತಿಂಗಳ ಮೇಲಾಯಿತು, ನಿನ್ನ ಪತ್ರವಿಲ್ಲ. ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಬರೆಯದಿದ್ದರೂ ಸರಿ, ಇದನ್ನು ಓದು.

ಮೊನ್ನೆ ಊರಿಗೆ ಹೋಗಿದ್ದೆ, ಬಸ್ಸು ಹತ್ತಿಯೇ. ಗಾಳೇಶನಿಗೆ ಎಲ್ಲ ಹೇಳಿದೆ. ಅವನು ಬೀಡಿ ಕೆಳಗಿಟ್ಟು ನಕ್ಕ. “ಅಲ್ರೀ ಟೀಚರ್, ಆ ನನ ಮಗ ಒಂದ ವರ್ಷ ನನ್ನ ಗೋಲಿ ಆಟಕ್ಕ ಕರೀಲಿಲ್ಲ. ಯಾಕಂತ ಈಗ ತಿಳೀತು ನೋಡ್ರಿ. ನನ್ನ ಗೋಲಿ ಕೊಡು ಅಂತ ಹೇಳ್ರಿ ಅವಗ” ಎಂದ. ನಗುತ್ತಲೇ ಕಣ್ಣು ಒರೆಸಿಕೊಂಡ. ನಿನ್ನ ಬಗ್ಗೆ ಎಲ್ಲ ಕೇಳಿದ.

ನಮ್ಮ ಹಿತ್ತಲಿನಲ್ಲಿ ಈಗ ಬಣವಿಯಿಲ್ಲ. ಮನೆ ಕೊಂಡವರು ಅಲ್ಲಿ ಟ್ರ್ಯಾಕ್ಟರ್ ನಿಲ್ಲಿಸುತ್ತಾರೆ. ಒಂದು ಮಗು ಅಡಗಿ ಕೂಡುವಷ್ಟು ಜಾಗ ಎಲ್ಲೂ ಕಾಣಲಿಲ್ಲ. 

ಅಕ್ಕ

*

ಕಾರಟಗಿ
3 ಜುಲೈ 2024

ಅಕ್ಕಾ,

ನಿನ್ನ ಏಪ್ರಿಲ್ ಪತ್ರವನ್ನು ಓದಿದ ದಿನವೇ ಹರಿದೆ. ಮರುದಿನ ಕಸದ ಡಬ್ಬಿಯಿಂದ ಆರಿಸಿ, ನರ್ಸಮ್ಮನ ಹತ್ತಿರ ಪ್ಲಾಸ್ಟರ್ ಟೇಪು ಇಸಕೊಂಡು ಅಂಟಿಸಿದೆ. ಒಂದು ತುಂಡು ಸಿಗಲೇ ಇಲ್ಲ, ಬೆಲ್ಲ ಕದ್ದದ್ದು ಇರುವ ತುಂಡು.

ಸಿಟ್ಟು ಹೋಗಿದೆ ಎಂದು ಸುಳ್ಳು ಬರೆಯುವುದಿಲ್ಲ. ಜೀಪಿನ ಸಪ್ಪಳ ಕೇಳಿದರೆ ಈಗಲೂ ಬಾಗಿಲ ಮರೆಗೆ ಸರಿಯುತ್ತೇನೆ. ಆಗೆಲ್ಲ ನಿನ್ನ ಮುಖ ಕಣ್ಣೆದುರು ಬರುತ್ತದೆ. ನೀನು ಅಷ್ಟು ಓದಿದವಳು, ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದು ಮೆಹಜಬೀನರ ಎದುರು ಬಾಯಿಬಿಟ್ಟು ಬೈದಿದ್ದೇನೆ. 

ಗುರುವಾರ ಬೆಂಚಿಗೆ ಹೋದೆ. ಬರಬೇಡ ಎಂದು ಹೇಳಿಸಿದ್ದರೂ ಸುನಿತಾ ಬಂದಿದ್ದಳು. ಅವಳ ಪಕ್ಕದಲ್ಲಿ ಕುಳಿತೆ.  “ಡಬ್ಬಿಯೊಳಗ ಏನೈತಿ?” ಎಂದೆ. “ಪುಂಡಿಪಲ್ಯ” ಎಂದಳು. ಇಬ್ಬರೂ ಅತ್ತೆವು.

ಮೇ ತಿಂಗಳ ಕೊನೆಗೆ ಮನೆಗೆ ಬಂದೆ. ಜೂನಿನಲ್ಲಿ ಒಮ್ಮೆ ಕುಡಿದೆ, ಅಕ್ಕಾ. ನಿನ್ನಿಂದ ಮುಚ್ಚಿಡುವುದಿಲ್ಲ, ಮುಚ್ಚಿಟ್ಟು ನಾವಿಬ್ಬರೂ ಸಾಕಷ್ಟು ಅನುಭವಿಸಿದ್ದೇವೆ. ಮುಂದಿನ ಮಂಗಳವಾರ ನಾನೇ ಸುನಿತಾಳನ್ನು ಕರೆದುಕೊಂಡು ಗಂಗಾವತಿಯ ದವಾಖಾನೆಗೆ ಹೋದೆ. ಚೀಟಿಯ ಮೇಲೆ ಮಾನಸಿಕ ವಿಭಾಗ ಎಂದೇ ಬರೆದಿದ್ದಾರೆ. ಸುನಿತಾ ಅದನ್ನು ರೇಷನ್ ಕಾರ್ಡಿನ ಚೀಲದಲ್ಲೇ ಜೋಪಾನವಾಗಿಟ್ಟಿದ್ದಾಳೆ. ಕವಿತಾ ತನ್ನನ್ನು ನೋಡಲು ಬಂದ ವರನ ಕಡೆಯವರಿಗೆ ತಾನೇ ಎಲ್ಲ ಹೇಳಿದಳು. ಅವರು ಮರಳಿ ಬರಲಿಲ್ಲ. “ಹೋದ್ರ ಹೋಗ್ಲಿ ಬಿಡಪ್ಪಾ” ಎಂದಳು. ಆ ದಿನ ಮಾತ್ರ ನೀನು ಹೆದರಿದ್ದೇಕೆ ಎಂದು ನನಗೆ ತಿಳಿಯಿತು.

ಪರವಾಗಿ ಮಾತಾಡುವವರ ಜಾಗದಲ್ಲಿ ಸುನಿತಾಳ ಹೆಸರು ಬರೆದಿದ್ದೇನೆ. ಅದರ ಜೊತೆಗೆ ಇನ್ನೊಂದು ಹಾಳೆಯೂ ಇರುತ್ತದೆ. ಮುಂದೆ ಕಾಯಿಲೆ ಕೆರಳಿ ನಮ್ಮ ಬುದ್ಧಿ ನಮ್ಮ ಕೈಯಲ್ಲಿ ಇಲ್ಲದಾಗ ನಮ್ಮನ್ನು ಹೇಗೆ ನೋಡಿಕೊಳ್ಳಬೇಕು, ಹೇಗೆ ಬೇಡ ಎಂದು ಈಗಲೇ ಬರೆದು, ಇಬ್ಬರು ಸಾಕ್ಷಿಗಳಿಂದ ಸಹಿ ಮಾಡಿಸಿ ಮಾನಸಿಕ ಆರೋಗ್ಯ ಮಂಡಳಿಗೆ ಕಳಿಸುವುದು. ನಾನು ಬರೆದದ್ದನ್ನು ನಿನಗಾಗಿ ಇಲ್ಲಿ ನಕಲು ಮಾಡುತ್ತೇನೆ. ತಪ್ಪಿದ್ದರೆ ಕೆಂಪು ಪೆನ್ನು ಹಿಡಿ.

‘ಪ್ರಭುರಾಜನೆಂಬ ನಾನು ಎಚ್ಚರದಲ್ಲಿದ್ದು ಬರೆಯುವುದೇನೆಂದರೆ, ನನ್ನನ್ನು ಸರಕಾರಿ ಆಸ್ಪತ್ರೆಗೇ ಕರೆದೊಯ್ಯಬೇಕು. ಹೊರಗಿನಿಂದ ಕೀಲಿ ಹಾಕುವ ಯಾವ ಜಾಗಕ್ಕೂ ಬೇಡ. ಮೈಮೇಲೆ ತಣ್ಣೀರು ಹಾಕಬಾರದು. ನಾನು ಕುಡಿದು ಎಲ್ಲಾದರೂ ಅಡಗಿದ್ದರೆ ನನ್ನ ಅಕ್ಕ ಶೇಖರಮ್ಮನನ್ನು ಕೇಳಬೇಕು. ನಾನು ಎಲ್ಲಿರುತ್ತೇನೆ ಎಂದು ಆಕೆಗೆ ಗೊತ್ತಿರುತ್ತದೆ. ಆದರೆ ನಾಲ್ಕು ಜನರನ್ನು ಕಳಿಸಬಾರದು. ಆಕೆ ಒಬ್ಬಳೇ ಬರಬೇಕು. ಬಂದು ಕೈ ಚಾಚಬೇಕು. ನಾನು ಎದ್ದು ಬರುತ್ತೇನೆ.’

ಒಬ್ಬ ಸಾಕ್ಷಿಯಾಗಿ ಗಾಳೇಶ ಮೊನ್ನೆ ಬಂದು ಸಹಿ ಮಾಡಿ, ನಾಲ್ಕು ಗೋಲಿ ಇಸಕೊಂಡು ಹೋದ. ಎರಡನೆಯ ಸಾಕ್ಷಿಯ ಜಾಗ ಖಾಲಿಯಿದೆ. ಹಾಳೆಯನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಕುಷ್ಟಗಿಯಿಂದ ಬೆಳಗಿನ ಬಸ್ಸು ಹಿಡಿದು ಬಾ. ಮೆಟ್ಟಿಲು ಇಳಿಯುವಾಗ ಕೈ ಕೊಡಲು ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಮನೆ ಹತ್ತಿರವೇ ಇದೆ, ಕೈ ಹಿಡಿದು ನಡೆದು ಹೋಗೋಣ.

ಶೇಂಗಾ ನಾನು ಹುರಿದಿಟ್ಟಿದ್ದೇನೆ.

ಪ್ರಭು